ನಿಮ್ಮ ವಿಷಯ ಯಾವುದು, ಮೇಡಂ?

ಕಾರಿನ ಸೀಟ್ ಬೆಲ್ಟ್ ಬಗ್ಗೆ ನಾನು ಬರೆದದ್ದನ್ನು ಓದಿದವರು, ಮುಂದಿನ ತಿಂಗಳು ಮೀನಿನ ಮೊಟ್ಟೆಯ ಬಗ್ಗೆ ಬರೆದರೆ ಹುಬ್ಬೇರಿಸುತ್ತಾರೆ. ನಡುವೆ ಒಂದಿಷ್ಟು ಗಣಿತವೂ ನುಸುಳಿದರೆ ಪ್ರಶ್ನೆ ಬಂದೇ ಬರುತ್ತದೆ: "ಮೇಡಂ, ಅಷ್ಟಕ್ಕೂ ನಿಮ್ಮ ವಿಷಯ ಯಾವುದು?" ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತು ಇದನ್ನೇ ಕೇಳಿದ. ಸಾರು ಬರುವುದರೊಳಗೆ ಹೇಳಿ ಮುಗಿಸುವ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ನನ್ನ ವಿಷಯ ಸರಾಸರಿ. ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಂಖ್ಯಾಶಾಸ್ತ್ರ ಕಲಿಸಿದೆ. ಜೂನ್ ತಿಂಗಳ ಮೊದಲ ಪಾಠ ಯಾವಾಗಲೂ ಅದೇ. ಎಲ್ಲವನ್ನೂ ಕೂಡಿಸಿ, ಎಷ್ಟು ಇವೆಯೋ ಅಷ್ಟರಿಂದ ಭಾಗಿಸಿ. ನಿವೃತ್ತಿಯಾದ ಮೇಲೆ ಆ ಸರಾಸರಿಯ ಮೇಲಿನ ದೂರುಗಳನ್ನು ಕೂಡಿಡುತ್ತಿದ್ದೇನೆ. ಹೊಳೆಯ ಸರಾಸರಿ ಆಳ ನಂಬಿ ಇಳಿದು ಮುಳುಗಿದವನ ಕಥೆಯನ್ನು ನೀವು ಸಾಕಷ್ಟು ಸಲ ಕೇಳಿರುತ್ತೀರಿ, ಅದನ್ನು ಬಿಡುತ್ತೇನೆ.

ಸರಾಸರಿಗೆ ಒಂದು ಒಳ್ಳೆಯ ಕಾಲವಿತ್ತು. 1150ರ ಹೊತ್ತಿಗೆ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ಹೊಂಡದ ಲೆಕ್ಕ ಹೇಳುತ್ತಾನೆ. ಅಗೆದ ಹೊಂಡದ ಅಗಲ ಎಲ್ಲ ಕಡೆಯೂ ಒಂದೇ ಇರುವುದಿಲ್ಲ. ಹಲವು ಜಾಗಗಳಲ್ಲಿ ಅಳೆದು, ಕೂಡಿಸಿ, ಜಾಗಗಳ ಸಂಖ್ಯೆಯಿಂದ ಭಾಗಿಸಬೇಕು. ಹೀಗೆ ಬಂದದ್ದು 'ಸಮಮಿತಿ'. ಉದ್ದಕ್ಕೂ ಆಳಕ್ಕೂ ಇದೇ ಕ್ರಮ. ಲೆಕ್ಕ ಸರಿಯಾಗಿದೆ, ಏಕೆಂದರೆ ಹೊಂಡ ಒಂದೇ, ಅಳತೆಗಳು ಹಲವು. ಎಷ್ಟು ಮಣ್ಣು ಹೊರಬಿತ್ತು, ಅಗೆದವನಿಗೆ ಎಷ್ಟು ಕೂಲಿ ಎಂಬ ಪ್ರಶ್ನೆಗೆ ಅದು ಸಾಕು. ಹಲವು ಮನುಷ್ಯರನ್ನೋ ಹಲವು ಮೀನುಗಳನ್ನೋ ಒಂದೇ ಹೊಂಡದಂತೆ ಅಳೆಯಲು ಹೊರಟಾಗ ತಕರಾರು ಶುರುವಾಯಿತು.

ತಕರಾರಿನ ಅತ್ಯುತ್ತಮ ದಾಖಲೆ ಅಮೆರಿಕದ ವಾಯುಪಡೆಯದು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕ 4,063 ಪೈಲಟ್‌ಗಳ ದೇಹದ ಅಳತೆಗಳನ್ನು ಮುಂದಿಟ್ಟುಕೊಂಡು, ಇವರಲ್ಲಿ 'ಸರಾಸರಿ ಮನುಷ್ಯ' ಯಾರು ಎಂದು ಹುಡುಕಿದ. ಸರಾಸರಿಯ ಆಚೀಚೆ ಧಾರಾಳವಾಗಿಯೇ ಜಾಗ ಬಿಟ್ಟಿದ್ದ. ಎತ್ತರದಲ್ಲಿ ಸರಾಸರಿ ಇದ್ದವರು 1,055 ಮಂದಿ. ಅವರಲ್ಲಿ ಎದೆಯ ಸುತ್ತಳತೆಯೂ ಸರಾಸರಿ ಇದ್ದವರು 302. ತೋಳಿನ ಅಳತೆ ಸೇರಿಸಿದಾಗ 143. ಹೀಗೆ ಒಂದೊಂದೇ ಅಳತೆ ಸೇರಿಸುತ್ತ ಹತ್ತನೆಯದಕ್ಕೆ ಬರುವಾಗ ಉಳಿದವರು ಸೊನ್ನೆ. ನಾಲ್ಕು ಸಾವಿರ ಮಂದಿಯ ನಡುವೆ ಒಬ್ಬನೂ ಇಲ್ಲ! 1952ರಲ್ಲಿ ಈ ವರದಿ ಬಂತು. ಇಲ್ಲದ ಮನುಷ್ಯನಿಗಾಗಿ ಕಾಕ್‌ಪಿಟ್ ಹೊಲಿಯುವುದನ್ನು ಬಿಟ್ಟು ಸೀಟು, ಪೆಡಲ್, ಹೆಲ್ಮೆಟ್ಟಿನ ಪಟ್ಟಿಗಳನ್ನು ಹಿಂದೆ ಮುಂದೆ ಸರಿಸುವಂತೆ ಮಾಡುವ ದಾರಿಯನ್ನು ವಾಯುಪಡೆ ಹಿಡಿಯಿತು.

ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ನಗುತ್ತಿದ್ದರು. ಹುಡುಗಿಯರು ಅಷ್ಟಾಗಿ ನಗುತ್ತಿರಲಿಲ್ಲ. ನಾಲ್ಕು ಸಾವಿರದಲ್ಲಿ ಹೆಂಗಸರು ಎಷ್ಟು ಎಂದು ಒಬ್ಬಳು ಕೇಳಿದ್ದಳು. ಆ ಲೆಕ್ಕ ಬರೀ ಗಂಡಸರದು.

ನನ್ನ ಎತ್ತರ 150 ಸೆಂಟಿಮೀಟರ್. ನಲವತ್ತೆರಡನೆಯ ವಯಸ್ಸಿನಲ್ಲಿ ಕಾರು ಕಲಿಯಲು ಹೋದಾಗ ಕಲಿಸುವಾತ ಮೊದಲ ದಿನವೇ, "ನಾಳೆ ಒಂದು ದಿಂಬು ತನ್ನಿ ಮೇಡಂ" ಎಂದ. ದಿಂಬು ಇಟ್ಟರೆ ಕಣ್ಣಿಗೆ ರಸ್ತೆ ಕಾಣುತ್ತಿತ್ತು, ಕಾಲಿಗೆ ಕ್ಲಚ್ ಸಿಗುತ್ತಿರಲಿಲ್ಲ. ಸೀಟು ಮುಂದೆ ಎಳೆದರೆ ಕ್ಲಚ್ ಸಿಗುತ್ತಿತ್ತು, ಸ್ಟಿಯರಿಂಗ್ ಎದೆಗೆ ತಾಗುವಷ್ಟು ಹತ್ತಿರ ಬರುತ್ತಿತ್ತು. ಬೆಲ್ಟ್ ಹೆಗಲ ಮೇಲೆ ಕೂರದೆ ಕುತ್ತಿಗೆಯನ್ನು ಸವರುತ್ತಿತ್ತು. ತಪ್ಪು ನನ್ನದೇ, ನಾನು ಗಿಡ್ಡ ಎಂದುಕೊಂಡಿದ್ದೆ. ಬಹಳ ವರ್ಷಗಳ ನಂತರ, ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸುವಾಗ ಮನುಷ್ಯರ ಬದಲು ಒಳಗೆ ಕೂರಿಸುವ ಗೊಂಬೆಗಳ ಬಗ್ಗೆ ಓದಿದೆ. ದಶಕಗಳಿಂದ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಮುಖ್ಯ ಗೊಂಬೆಯ ಎತ್ತರ ಸುಮಾರು 175 ಸೆಂಟಿಮೀಟರ್, ತೂಕ 78 ಕಿಲೋ: ಅಮೆರಿಕದ ನಡುಮಟ್ಟದ ಗಂಡಸು. ಹೆಣ್ಣು ಗೊಂಬೆ ಎಂದು ಕರೆಯಲಾಗುತ್ತಿದ್ದದ್ದು ಅದೇ ಗಂಡಸನ್ನು ಕುಗ್ಗಿಸಿದಂತಿತ್ತು. ಎತ್ತರ ಸುಮಾರು 150, ತೂಕ 49 ಕಿಲೋ. ಅದು ಅಮೆರಿಕದ ಅತಿ ಚಿಕ್ಕ ಶೇ. 5 ಹೆಂಗಸರ ಪ್ರತಿನಿಧಿ. ಭಾರತದಲ್ಲಿ ಹೆಂಗಸರ ಸರಾಸರಿ ಎತ್ತರವೇ 152ರ ಆಸುಪಾಸು! ಅಲ್ಲಿ ಅಂಚಿನಲ್ಲಿ ನಿಲ್ಲಿಸಿದವಳು ಇಲ್ಲಿ ಬಸ್ಸಿನ ತುಂಬ ಇದ್ದಾಳೆ.

ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎದುರಿನಿಂದ ಡಿಕ್ಕಿಯಾದಾಗ ಬೆಲ್ಟ್ ಹಾಕಿಕೊಂಡಿದ್ದ ಹೆಂಗಸರಿಗೆ ಗಂಭೀರ ಗಾಯವಾಗುವ ಸಾಧ್ಯತೆಯ ಅನುಪಾತ ಗಂಡಸರಿಗಿಂತ ಶೇ. 73ರಷ್ಟು ಹೆಚ್ಚು. ಡಿಕ್ಕಿಯ ರಭಸ, ವಯಸ್ಸು, ಎತ್ತರ ಮುಂತಾದವನ್ನು ಸರಿದೂಗಿಸಿದ ಮೇಲೂ ಇಷ್ಟು. ಎತ್ತರವನ್ನೂ ಸರಿದೂಗಿಸಿದ ಮೇಲೆ ಎಂಬುದನ್ನು ದಯವಿಟ್ಟು ಎರಡು ಸಲ ಓದಿ. ಹಾಗಾದರೆ ದಿಂಬಿನಿಂದ ಪರಿಹಾರವಾಗುವ ವ್ಯತ್ಯಾಸವಲ್ಲ ಇದು. 2022ರಲ್ಲಿ ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಮತ್ತು ಅವರ ತಂಡ 162 ಸೆಂಟಿಮೀಟರಿನ, 62 ಕಿಲೋ ತೂಕದ ಹೆಣ್ಣು ಗೊಂಬೆಯನ್ನು ಜನರ ಮುಂದಿಟ್ಟಿತು. ಹಿಂದಿನಿಂದ ಡಿಕ್ಕಿಯಾದಾಗ ಕುತ್ತಿಗೆಗೆ ಆಗುವ ಪೆಟ್ಟನ್ನು ಅಳೆಯಲಿಕ್ಕೆ. ನನಗೆ ಸಂತೋಷವೇ ಆಯಿತು. ಆದರೂ ಮೂವತ್ತೊಂದು ವರ್ಷದ ಚಾಳಿ ಬಿಡುತ್ತದೆಯೇ? ಇದೂ ಒಂದು ಸರಾಸರಿಯೇ ಅಲ್ಲವೇ ಎಂದು ಮನಸ್ಸು ಗೊಣಗಿತು.

ಗಣಿತಕ್ಕೆ ಈ ಗೊಣಗಾಟ ಹೊಸದಲ್ಲ. ಯೊಹಾನ್ ಯೆನ್ಸೆನ್ ಎಂಬ ಡೆನ್ಮಾರ್ಕಿನವನೊಬ್ಬ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ. ಗಣಿತ ಅವನ ಬಿಡುವಿನ ಕೆಲಸ. 1906ರಲ್ಲಿ ಅವನು ಕೊಟ್ಟ ಅಸಮಾನತೆಯನ್ನು ಹೀಗೆ ಹೇಳಬಹುದು: 1 ಮತ್ತು 3ರ ಸರಾಸರಿ 2, ಅದರ ವರ್ಗ 4. ಮೊದಲು ವರ್ಗ ಮಾಡಿ, 1 ಮತ್ತು 9, ಆಮೇಲೆ ಸರಾಸರಿ ತೆಗೆದರೆ 5. ಮೇಲ್ಮುಖವಾಗಿ ಬಾಗುವ ಯಾವ ವಕ್ರರೇಖೆಗೂ ಇದೇ ಗತಿ; ಮೊದಲೇ ಸರಾಸರಿ ತೆಗೆದವನಿಗೆ ಉತ್ತರ ಕಡಿಮೆ ಬರುತ್ತದೆ. ಇಷ್ಟು ಸಾಕು, ಮೀನಿಗೆ ಬರೋಣ.

ನಮ್ಮ ಮನೆಯಲ್ಲಿ ಅಮ್ಮ ಬಂಗುಡೆಯ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿಯೇ ಕೊಳ್ಳುತ್ತಿದ್ದಳು. ಮೊಟ್ಟೆ ತುಂಬಿದ್ದರೆ ಎರಡು ರೂಪಾಯಿ ಹೆಚ್ಚಾದರೂ ಸರಿ. ಮೊಟ್ಟೆಯ ಪಾಲು ಯಾರಿಗೆ ಎಂಬುದಕ್ಕೆ ನಾನೂ ತಮ್ಮನೂ ಜಗಳವಾಡುತ್ತಿದ್ದೆವು. ದೊಡ್ಡ ಮೀನಿನಲ್ಲಿ ದೊಡ್ಡ ಮೊಟ್ಟೆಗಟ್ಟಿ ಎಂದು ಆಗಲೇ ಗೊತ್ತಿತ್ತು. ಎಷ್ಟು ದೊಡ್ಡದು ಎಂಬುದನ್ನು ಡಿಯೆಗೊ ಬಾರ್ನೆಚೆ, ಡಸ್ಟಿನ್ ಮಾರ್ಷಲ್ ಮತ್ತು ಸಂಗಡಿಗರು 342 ಜಾತಿಯ ಕಡಲ ಮೀನುಗಳ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ಅಟ್ಲಾಂಟಿಕ್ ಕಾಡ್ ಎಂಬ ಮೀನನ್ನು ತೆಗೆದುಕೊಳ್ಳಿ. 30 ಕಿಲೋ ತೂಗುವ ಒಂದು ಹೆಣ್ಣು ಮೀನು, ತಲಾ 2 ಕಿಲೋದ 28 ಹೆಣ್ಣುಗಳು ಸೇರಿ ಇಡುವುದಕ್ಕಿಂತ ಹೆಚ್ಚು ಮೊಟ್ಟೆ ಇಡುತ್ತದೆ. ಆ 28 ಮೀನುಗಳ ಒಟ್ಟು ತೂಕ 56 ಕಿಲೋ ಎಂಬುದನ್ನು ಮರೆಯಬೇಡಿ. ತೂಕಕ್ಕೆ ತಕ್ಕಷ್ಟೇ ಮೊಟ್ಟೆ ಎಂಬ ಹಳೆಯ ಅಂದಾಜು ಇಲ್ಲಿ ಕುಸಿಯುತ್ತದೆ. ರೇಖೆ ಮೇಲಕ್ಕೆ ಬಾಗುತ್ತದೆ, ಯೆನ್ಸೆನ್ ಬಂದು ನಿಲ್ಲುತ್ತಾನೆ.

ಈಗ ಈ 29 ಮೀನುಗಳಷ್ಟೇ ಇರುವ ಕಡಲೊಂದನ್ನು ಊಹಿಸಿಕೊಳ್ಳಿ. ಸರಾಸರಿ ತೂಕ ಮೂರು ಕಿಲೋಗೆ ಚೂರು ಕಡಿಮೆ. ಆ ತೂಕದ ಮೀನು ಅಲ್ಲಿ ಒಂದೂ ಇಲ್ಲ. ದೋಣಿಯೊಂದು ಬಂದು ಆ ದೊಡ್ಡದನ್ನು ಹಿಡಿದುಕೊಂಡು ಹೋಯಿತು. ತಲೆ ಎಣಿಸಿದರೆ 29ರಲ್ಲಿ ಒಂದು ಹೋಯಿತು, ದೊಡ್ಡ ನಷ್ಟವಲ್ಲ. ತೂಕ ನೋಡಿದರೆ ಮೂರರಲ್ಲೊಂದು ಪಾಲು. ಮುಂದಿನ ಪೀಳಿಗೆಯ ಮೊಟ್ಟೆ ಲೆಕ್ಕ ಹಾಕಿದರೆ ಅರ್ಧಕ್ಕಿಂತ ಹೆಚ್ಚು. ಎಷ್ಟು ಹಿಡಿಯಬಹುದು ಎಂದು ಸರಾಸರಿ ಮೀನಿನ ಮೇಲೆ ನಿರ್ಧರಿಸಿದವರಿಗೆ, ಕಡಲು ಏಕೆ ಮತ್ತೆ ತುಂಬುತ್ತಿಲ್ಲ ಎಂಬುದು ಅರ್ಥವಾಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕೇರಳ 2015ರಿಂದ ಇಂತಿಷ್ಟು ಉದ್ದಕ್ಕಿಂತ ಚಿಕ್ಕ ಮೀನು ಹಿಡಿಯಬಾರದೆಂದು ನಿಯಮ ಮಾಡತೊಡಗಿತು. ಬಲೆಯ ಕಣ್ಣಿನ ಗಾತ್ರಕ್ಕೂ ನಿಯಮಗಳಿವೆ. ಇವೆಲ್ಲ ಬೇಕು, ಆದರೆ ಗಾತ್ರದ ನಿಯಮಗಳು ಮರಿಯನ್ನು ಕಾಯುತ್ತವೆ, ಆ 61 ದಿನ ಕಳೆದ ಮೇಲೆ ದೊಡ್ಡ ತಾಯಿಯನ್ನು ಇವು ಕಾಯುವುದಿಲ್ಲ. ದೊಡ್ಡ ಮೀನು ಸಿಕ್ಕರೆ ನಾವು ಫೋಟೊ ತೆಗೆದು ಪತ್ರಿಕೆಗೆ ಕಳಿಸುತ್ತೇವೆ. ಅಮೆರಿಕದ ಮೇನ್ ರಾಜ್ಯದ ಲಾಬ್‌ಸ್ಟರ್ ಹಿಡಿಯುವವರಲ್ಲಿ ಬೇರೆ ಕ್ರಮವಿದೆ. ಅಲ್ಲಿ ತೀರಾ ಚಿಕ್ಕದನ್ನೂ ಬಿಡಬೇಕು, ಚಿಪ್ಪು ಐದು ಅಂಗುಲ ಮೀರಿದ ದೊಡ್ಡದನ್ನೂ ಬಿಡಬೇಕು. ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ ಬಾಲದ ಅಂಚಿನಲ್ಲಿ ಸಣ್ಣದೊಂದು ಕಚ್ಚು ಹಾಕಿ ಕಡಲಿಗೆ ಬಿಡುತ್ತಾರೆ. ಮುಂದೆ ಅದು ಮೊಟ್ಟೆಯಿಲ್ಲದ ದಿನ ಇನ್ನೊಬ್ಬನ ಬೋನಿಗೆ ಬಿದ್ದರೂ, ಕಚ್ಚು ಕಂಡರೆ ಅವನೂ ಬಿಡಬೇಕು.

ಹಾಗಾದರೆ ಎಲ್ಲ ದೊಡ್ಡ ಮೀನನ್ನೂ ಬಿಟ್ಟರೆ ಆಯಿತೇ? ಅಷ್ಟು ಸುಲಭವಿಲ್ಲ. ನಾವು ಮುರು ಎಂದು ಕರೆಯುವ ಗುಂಪಿನ ಮೀನುಗಳಲ್ಲಿ ಹೆಚ್ಚಿನವು ಹೆಣ್ಣಾಗಿ ಬೆಳೆದು ದೊಡ್ಡದಾದ ಮೇಲೆ ಗಂಡಾಗುತ್ತವೆ. ಅಲ್ಲಿ ದೊಡ್ಡದನ್ನು ಬಿಟ್ಟರೆ ಉಳಿಯುವುದು ಹೆಚ್ಚಾಗಿ ಗಂಡು, ಮೊಟ್ಟೆ ಇಡುವ ತಾಯಿಯಲ್ಲ; ದೊಡ್ಡದನ್ನೆಲ್ಲ ಹಿಡಿದರೆ ಗಂಡುಗಳಿಗೆ ಬರ. ಕಾಡ್ ಮೀನಿನ ಲೆಕ್ಕವನ್ನು ತಂದು ಮುರುವಿಗೆ ಹಾಕಿದರೆ ಅದೂ ಗಂಡಸಿನ ಗೊಂಬೆಯನ್ನು ಕುಗ್ಗಿಸಿದಂತೆಯೇ.

ಹಿಂದೊಮ್ಮೆ ನನ್ನ ವಿದ್ಯಾರ್ಥಿಗಳನ್ನು ಬಂದರಿಗೆ ಕರೆದುಕೊಂಡು ಹೋಗಿದ್ದೆ. ಬುಟ್ಟಿಗಟ್ಟಲೆ ಹರಾಜು ನಡೆಯುವ ಗದ್ದಲದ ಮಧ್ಯೆ ಒಬ್ಬಾತ ಅಳತೆಯ ಹಲಗೆ ಇಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಬಂಗುಡೆಯೊಂದನ್ನು ಹಲಗೆಯ ಮೇಲೆ ಚಾಚಿ ಮಲಗಿಸುವುದು, ಉದ್ದ ಬರೆಯುವುದು, ಹೊಟ್ಟೆ ಸೀಳಿ ಹೆಣ್ಣೋ ಗಂಡೋ ಬರೆಯುವುದು, ಮತ್ತೊಂದನ್ನು ಎತ್ತಿಕೊಳ್ಳುವುದು. ನೂರಕ್ಕೂ ಹೆಚ್ಚು ಆಗಿತ್ತು. ನಮ್ಮ ಹುಡುಗನೊಬ್ಬ, "ಸರ್, ಸರಾಸರಿ ಎಷ್ಟು ಬಂತು?" ಎಂದು ಕೇಳಿದ. ಆತ ತಲೆಯೆತ್ತಲಿಲ್ಲ. "ಅದನ್ನು ಕಚೇರಿಯಲ್ಲಿ ಮಾಡುತ್ತಾರೆ ಮಾರಾಯ. ಆ ಬುಟ್ಟಿ ಸ್ವಲ್ಪ ಈಚೆ ತಳ್ಳು."