ಎಂ.ಎಸ್ಸಿ ಆದಮೇಲೆ ಕಮ್ಯುನಿಟಿ ಕಾಲೇಜಾ?

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಬಯೋಟೆಕ್ನಾಲಜಿ ಎಂ.ಎಸ್ಸಿ ಮುಗಿಸಿ, ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾ ಇರುವವರ ಸಂಗಾತಿಗೆ ಸಿಗುವುದು) ಕ್ಯಾಲಿಫೋರ್ನಿಯಾಕ್ಕೆ ಬಂದವರು ಕೇಳುವುದು ಇದೊಂದೇ: "ಇಷ್ಟು ಓದಿ ಕಮ್ಯುನಿಟಿ ಕಾಲೇಜಿಗೆ ಹೋಗೋದಾ? ಅದರಿಂದ ಕೆಲಸ ಸಿಗುತ್ತಾ?" (ಕಮ್ಯುನಿಟಿ ಕಾಲೇಜು ಅಂದರೆ ಹೆಚ್ಚಾಗಿ ಎರಡು ವರ್ಷದ ಕೋರ್ಸು, ಸರ್ಟಿಫಿಕೇಟ್ ಕೊಡುವ ಸ್ಥಳೀಯ ಸರ್ಕಾರಿ ಕಾಲೇಜು.)

ಸಿಗುತ್ತದೆ. ಯಾವ ಕೆಲಸ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಔಷಧ ಕಾರ್ಖಾನೆಯಲ್ಲಿ ಮ್ಯಾನುಫ್ಯಾಕ್ಚರಿಂಗ್ ಟೆಕ್ನಿಷಿಯನ್, ಬಫರ್ (ಪಿಎಚ್, ಅಂದರೆ ಆಮ್ಲೀಯತೆ, ಸುಲಭಕ್ಕೆ ಬದಲಾಗದ ದ್ರಾವಣ) ಮತ್ತು ಮೀಡಿಯಾ (ಜೀವಕೋಶ ಬೆಳೆಸುವ ಪೋಷಕ ದ್ರಾವಣ) ತಯಾರಿ, ಕ್ವಾಲಿಟಿ ಕಂಟ್ರೋಲ್ ಲ್ಯಾಬ್. ಎಷ್ಟೋ ಕಡೆ ಹನ್ನೆರಡು ಗಂಟೆಯ ಪಾಳಿ, ರಾತ್ರಿಯದೂ ಸೇರಿ. ಶುರುವಿನಲ್ಲಿ ಹೆಚ್ಚಾಗಿ ಕಾಂಟ್ರಾಕ್ಟ್. ಸ್ವತಂತ್ರವಾಗಿ ಸಂಶೋಧನೆ ನಡೆಸುವ ಹುದ್ದೆ ಬೇಕಿದ್ದರೆ ಪಿಎಚ್.ಡಿ ಮಾಡಿ.

ನನಗೆ ಸಿಟ್ಟು ಬರುವುದು ಮರ್ಯಾದೆ ಹೋಯಿತೆಂಬಂತೆ ಕೇಳುವ ರೀತಿಗೆ. ಬಯೋಟೆಕ್ ಸರ್ಟಿಫಿಕೇಟ್ ತರಗತಿಗಳಿಗೆ ಆಗಲೇ ಡಿಗ್ರಿ ಮುಗಿಸಿದವರು ಬಂದು ಕೂರುವುದು ಅಲ್ಲಿ ಮಾಮೂಲು. ಓಷನ್‌ಸೈಡ್‌ನ ಮಿರಾಕೋಸ್ಟಾ ಕಾಲೇಜಂತೂ, 2014ರ ರಾಜ್ಯ ಕಾನೂನು ಅವಕಾಶ ಕೊಟ್ಟ ಮೇಲೆ, ಬಯೋಮ್ಯಾನುಫ್ಯಾಕ್ಚರಿಂಗ್‌ನಲ್ಲಿ ಬ್ಯಾಚುಲರ್ ಪದವಿಯನ್ನೇ ಕೊಡುತ್ತಿದೆ. ಊರಿನ ನೆಂಟರಿಗೆ ಏನು ಹೇಳೋದು ಅನ್ನುವ ಚಿಂತೆಗೆ ನನ್ನ ಹತ್ತಿರ ಮದ್ದಿಲ್ಲ.

ಅಲ್ಲಿ ಕೈಯಾರೆ ಏನು ಮಾಡಿಸುತ್ತಾರೆ ಅಂತ ಕೇಳಿ, ಸಂತೋಷದಿಂದ ಹೇಳುತ್ತೇನೆ.

ಟ್ರಿಸ್ ಎಂಬ ಪುಡಿಯ ಬಫರ್, ಒಂದು ಮೋಲಾರ್ ಸಾಂದ್ರತೆ, ಪಿಎಚ್ 8, ಒಂದು ಲೀಟರ್ ಮಾಡಿ ಅನ್ನುತ್ತಾರೆ. ಲೆಕ್ಕ ಎಲ್ಲರಿಗೂ ಗೊತ್ತು, 121.1 ಗ್ರಾಂ. ಎಡವುವುದು ಆಮೇಲೆ. ಪೂರ್ತಿ ಲೀಟರ್ ನೀರಿಗೆ ಪುಡಿ ಸುರಿದರೆ, ಪಿಎಚ್ ಇಳಿಸಲು ಹೈಡ್ರೋಕ್ಲೋರಿಕ್ ಆಮ್ಲ ಹಾಕುವಷ್ಟರಲ್ಲಿ ಲೀಟರ್ ದಾಟಿ ಸಾಂದ್ರತೆ ಕೆಟ್ಟಿರುತ್ತದೆ. 800 ಮಿಲೀ ನೀರಿನಲ್ಲಿ ಕರಗಿಸಿ, ಪಿಎಚ್ ಸರಿಮಾಡಿ, ಕೊನೆಗೆ ಲೀಟರ್‌ಗೆ ತುಂಬಬೇಕು. ಆಮ್ಲ ಬಿದ್ದಾಗ ದ್ರಾವಣ ಬಿಸಿಯಾಗುತ್ತದೆ. ಆರಲು ಬಿಡದೆ ಮೀಟರ್ 8 ತೋರಿಸಿತೆಂದು ನಿಲ್ಲಿಸಿದರೆ, ಆರಿದಮೇಲೆ ಪಿಎಚ್ ಮೇಲೇರಿರುತ್ತದೆ. ತಣ್ಣಗಾದಂತೆ ಟ್ರಿಸ್ ಬಫರಿನ ಪಿಎಚ್ ಒಂದು ಡಿಗ್ರಿಗೆ ಸುಮಾರು 0.03 ಏರುತ್ತದೆ, 25 ಡಿಗ್ರಿಯಲ್ಲಿ 8 ಇದ್ದದ್ದು 4 ಡಿಗ್ರಿಯ ಕೋಲ್ಡ್ ರೂಮಿನಲ್ಲಿ 8.6ರ ಹತ್ತಿರ. ಅಯಾನ್ ಎಕ್ಸ್‌ಚೇಂಜ್ ಕಾಲಮ್ (ವಿದ್ಯುದಂಶದ ಮೇಲೆ ಪ್ರೋಟೀನ್ ಬೇರ್ಪಡಿಸುವ ಕೊಳವೆ) ಪ್ರೋಟೀನನ್ನು ಹಿಡಿಯಬೇಕಾದಲ್ಲಿ ಬಿಟ್ಟುಬಿಡಲು ಇಷ್ಟು ವ್ಯತ್ಯಾಸ ಸಾಕಾಗಬಹುದು.

ಪಿಪೆಟ್ (ಸ್ವಲ್ಪವೇ ದ್ರವ ಅಳೆದು ಹಾಕುವ ಉಪಕರಣ) ಕೂಡ ಹಾಗೆಯೇ. ಅದರ ಗುಂಡಿಯನ್ನು ಮೊದಲ ತಡೆಯವರೆಗೆ ಒತ್ತಿ ಹೀರಬೇಕು. ಎರಡನೆಯದು ಉಳಿದ ಹನಿ ಹೊರಹಾಕಲು. ಎರಡನೆಯದರವರೆಗೆ ಒತ್ತಿ ಹೀರಿದರೆ ಹೆಚ್ಚು ಬರುತ್ತದೆ, ಗುಂಡಿಯನ್ನು ಥಟ್ಟನೆ ಬಿಟ್ಟರೆ ಗಾಳಿ ಸೇರಿ ಕಡಿಮೆ. 100 ಮೈಕ್ರೋಲೀಟರ್ ನೀರು ತಕ್ಕಡಿಯಲ್ಲಿ ಸುಮಾರು 100 ಮಿಲಿಗ್ರಾಂ ತೂಗಬೇಕು, ಹತ್ತು ಸಲ ಹಾಕಿದರೆ ಹತ್ತು ಸಲವೂ. ಒಂದು ಜೆಲ್ ಪ್ರಯೋಗದ ಸುತ್ತ ಹತ್ತು ಜನ ನಿಂತು ನೋಡುವ ಎಂ.ಎಸ್ಸಿ ಲ್ಯಾಬಿನಲ್ಲಿ ಇದು ಕೈಗೆ ಹತ್ತುವುದಿಲ್ಲ.

ಎಂ.ಎಸ್ಸಿಯಲ್ಲಿ ಅಪರೂಪಕ್ಕೆ ಕಲಿಸುವ ಇನ್ನೊಂದು ವಿಷಯ ಬ್ಯಾಚ್ ರೆಕಾರ್ಡ್, ಅಂದರೆ ಔಷಧದ ಒಂದು ಕಂತು ತಯಾರಿಸುವಾಗ ಪ್ರತಿ ಹೆಜ್ಜೆಯನ್ನೂ ಬರೆದಿಡುವ ದಾಖಲೆ. ತೂಕ ನೋಡಿದ ಕ್ಷಣವೇ ಅದರಲ್ಲೇ ಬರೆಯಬೇಕು, ಚೀಟಿಯ ಮೇಲಲ್ಲ. ತಪ್ಪಾದರೆ ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು, ಇನಿಷಿಯಲ್, ತಾರೀಕು, ಕಾರಣ. ವೈಟ್ನರ್ ಮುಟ್ಟುವ ಹಾಗಿಲ್ಲ. ಬರೆಯದಿದ್ದರೆ ಮಾಡಿಲ್ಲವೆಂದೇ ಲೆಕ್ಕ. ಒಂದು ಸಹಿ ಬಿಟ್ಟುಹೋದರೆ ಇಡೀ ಬ್ಯಾಚ್ ತನಿಖೆಗೆಂದು ನಿಲ್ಲಬಹುದು. ಕಂಪನಿಗೆ ಬೇಕಾಗಿರುವುದು ಈ ಅಭ್ಯಾಸ ಇರುವವರು.

ಖರ್ಚಿನ ಲೆಕ್ಕ ಯೂನಿಟ್ (ಕೋರ್ಸಿನ ಕ್ರೆಡಿಟ್) ಮೇಲೆ: ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್, ಉಳಿದವರಿಗೆ ಹಲವು ಪಟ್ಟು. ಎಚ್-4ನಲ್ಲಿ ಓದಲು ಅಡ್ಡಿಯಿಲ್ಲ. ದುಡಿಯಲು ಇಎಡಿ (ಕೆಲಸದ ಅನುಮತಿ ಪತ್ರ) ಬೇಕು, ಸಂಬಳದ ಇಂಟರ್ನ್‌ಶಿಪ್‌ಗೂ ಬೇಕು. ಸೇರುವ ಮೊದಲೇ ಇದನ್ನು ನೋಡಿಕೊಳ್ಳಿ.

ಆಮೇಲೆ ಕಾಲೇಜಿಗೆ ಫೋನ್ ಮಾಡಿ. ಪ್ರತಿಯೊಬ್ಬರ ಕೈಗೂ ಪಿಪೆಟ್ ಸಿಗುತ್ತದೆಯೇ, ಬಯೋರಿಯಾಕ್ಟರನ್ನು (ಜೀವಕೋಶ ಬೆಳೆಸುವ ಪಾತ್ರೆ) ವಿದ್ಯಾರ್ಥಿಗಳೇ ನಡೆಸುತ್ತಾರೆಯೇ, ಬ್ಯಾಚ್ ರೆಕಾರ್ಡ್ ಬರೆಸುತ್ತೀರಾ, ಇಂಟರ್ನ್‌ಶಿಪ್ ಎಲ್ಲೆಲ್ಲಿ, ಎಂ.ಎಸ್ಸಿ ಆದವರಿಗೆ ಕೆಮಿಸ್ಟ್ರಿ ಮತ್ತೆ ಓದುವುದರಿಂದ ವಿನಾಯಿತಿ ಉಂಟೇ ಎಂದು ಕೇಳಿ. ವಿನಾಯಿತಿಗೆ ಸಾಮಾನ್ಯವಾಗಿ ಭಾರತದ ಅಂಕಪಟ್ಟಿಯ ಮೌಲ್ಯಮಾಪನ ವರದಿ ಕೇಳುತ್ತಾರೆ. ಅದು ಬರಲು ವಾರಗಟ್ಟಲೆ ಹಿಡಿಯಬಹುದು, ಹಾಗಾಗಿ ನೋಂದಣಿ ತೆರೆಯುವ ಮೊದಲೇ ಅರ್ಜಿ ಹಾಕಿಬಿಡಿ.