ಕಾಲೇಜು ಹುಡುಗರ ಫುಟ್‌ಬಾಲ್‌ನಲ್ಲಿ ಅಂಥದ್ದೇನಿದೆ?

"ಅಮೆರಿಕಾದಲ್ಲಿದ್ದೀರಿ, ಫುಟ್‌ಬಾಲ್ ನೋಡೋದಾದ್ರೆ ಎನ್‌ಎಫ್‌ಎಲ್ ನೋಡಿ, ಕಾಲೇಜು ಹುಡುಗರ ಆಟದಲ್ಲಿ ಏನಿದೆ?" ಊರಿಗೆ ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳೇ ಕೇಳುತ್ತಾರೆ. (ಫುಟ್‌ಬಾಲ್ ಅಂದರೆ ಇಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ, ಎನ್‌ಎಫ್‌ಎಲ್ ಅಂದರೆ ಅದರ ವೃತ್ತಿಪರರ ಲೀಗ್.) ಆಗ ನಾನು 2024ರ ಅಕ್ಟೋಬರ್ 5ರ ಶನಿವಾರದ ಕತೆ ಹೇಳುತ್ತೇನೆ.

ಅವತ್ತು ನ್ಯಾಶ್‌ವಿಲ್ ನಗರದಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೂ ಅಲಬಾಮಾ ವಿಶ್ವವಿದ್ಯಾಲಯಕ್ಕೂ ಆಟ. ಅಲಬಾಮಾ ದೇಶಕ್ಕೇ ನಂಬರ್ ಒನ್. ವ್ಯಾಂಡರ್‌ಬಿಲ್ಟ್ ಓದಿಗೆ ಹೆಸರಾದ ಕಡೆ, ಹಿಂದಿನ ವರ್ಷ 12 ಆಟದಲ್ಲಿ ಗೆದ್ದಿದ್ದು ಎರಡೇ. ಮೊದಲ ಐದು ಸ್ಥಾನದ ತಂಡಗಳ ಜೊತೆ ಅದುವರೆಗೆ 60 ಸಲ ಆಡಿ 60 ಸಲವೂ ಸೋತಿತ್ತು. ಅಲಬಾಮಾವನ್ನು ಅದಕ್ಕೂ ಮೊದಲು ಕೊನೆಯ ಸಲ ಸೋಲಿಸಿದ್ದು 1984ರಲ್ಲಿ.

ಗೆದ್ದರು. 40-35.

ಹೇಗೆ ಅನ್ನೋದೇ ಚೆಂದ. ಈ ಆಟದಲ್ಲಿ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಹೋದರೆ ಮತ್ತೆ ನಾಲ್ಕು. ಮೂರನೇದರಲ್ಲೂ ಆಗದಿದ್ದರೆ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸಿಬಿಡುತ್ತಾರೆ. ಅವತ್ತು ವ್ಯಾಂಡರ್‌ಬಿಲ್ಟ್‌ಗೆ ಆ ಮೂರನೇ ಅವಕಾಶದ ಇಕ್ಕಟ್ಟು 18 ಸಲ ಬಂತು, 12 ಸಲ ದಾಟಿದರು! ಪುಟ್ಟ ಜೂನಿಯರ್ ಕಾಲೇಜಿನಿಂದ ಆಡಿಕೊಂಡು ಮೇಲೆ ಬಂದ ಡಿಯೇಗೋ ಪಾವಿಯಾ ಈ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಮೈದಾನದಲ್ಲಿ ಆಟ ನಡೆಸುವವನು. ಆತುರವೇ ಇಲ್ಲ, ನಾಲ್ಕು ಗಜ, ಐದು ಗಜ ಅಂತ ಗಡಿಯಾರ ಓಡಿಸಿಕೊಂಡೇ ಹೋದ. 60 ನಿಮಿಷದ ಆಟದಲ್ಲಿ 42 ನಿಮಿಷ ಚೆಂಡು ಇವರ ಹತ್ತಿರವೇ ಇತ್ತು. ಎದುರಿನವರು ಎಷ್ಟೇ ಜೋರಿದ್ದರೂ ಚೆಂಡೇ ಸಿಗದಿದ್ದರೆ ಏನು ಮಾಡ್ತಾರೆ, ಅಲ್ವಾ?

ಮುಗಿದ ಮೇಲೆ ಆಟ ನೋಡಲು ಬಂದಿದ್ದ ಹುಡುಗರು ಗೋಲ್‌ಪೋಸ್ಟ್ ಕಿತ್ತು, ಆ ಹಳದಿ ಕಂಬವನ್ನು ದೇವರ ಪಲ್ಲಕ್ಕಿ ಹೊತ್ತ ಹಾಗೆ ಹೆಗಲ ಮೇಲೆ ಹೊತ್ತು, ಬ್ರಾಡ್‌ವೇ ಬೀದಿಯಲ್ಲಿ ಕಿರುಚಿಕೊಂಡು ನಡೆದು ಕಂಬರ್ಲೆಂಡ್ ನದಿಗೆ ಹಾಕಿದರು.

ಎನ್‌ಎಫ್‌ಎಲ್‌ನಲ್ಲಿ ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೇ ಹೊಸ ಆಟಗಾರರ ಮೊದಲ ಆಯ್ಕೆ, ಸಂಬಳಕ್ಕೂ ಮಿತಿ ಇದೆ. ಹಾಗಾಗಿ ತಂಡಗಳ ನಡುವೆ ಅಂತರ ಕಡಿಮೆ. ಕಾಲೇಜಿನಲ್ಲಿ ಒಳ್ಳೆಯ ಹುಡುಗರೆಲ್ಲ ವರ್ಷ ವರ್ಷವೂ ಅದೇ ನಾಲ್ಕಾರು ದೊಡ್ಡ ಕಡೆಗೆ ಹೋಗುತ್ತಾರೆ. ಅಂಥವರನ್ನು ಉಳಿದವರು ಬೀಳಿಸಿದಾಗ ನನಗೆ ಕೂತಲ್ಲಿ ಕೂರೋಕೆ ಆಗಲ್ಲ.

ಅದೇ ದಿನ ನಾಲ್ಕನೇ ಸ್ಥಾನದ ಟೆನೆಸೀಯನ್ನು ಆರ್ಕಾನ್ಸಾ 19-14ರಿಂದ ಮಣಿಸಿತು. ಮಿಷಿಗನ್, ಯುಎಸ್‌ಸಿಯಂಥ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ದೊಡ್ಡ ತಂಡಗಳು ಕೂಡ ಸೋತವು. ರಾತ್ರಿ ಹತ್ತೂವರೆಗೆ ಬರ್ಕ್ಲಿಯ ಕ್ಯಾಲ್ ತಂಡದ ಆಟ ದೊಡ್ಡ ತಂಡವಾದ ಮಯಾಮಿ ಜೊತೆ ಶುರುವಾಯಿತು. ನಿದ್ದೆ ಕಟ್ಟಿ ಕೂತೆ. ಕ್ಯಾಲ್ 35-10 ಮುಂದಿತ್ತು, ಇದೂ ಆಯಿತು ಅಂದುಕೊಂಡೆ. ಮಯಾಮಿ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಒಂದೊಂದೇ ಟಚ್‌ಡೌನ್ ಹೊಡೆಯುತ್ತಾ ಬಂತು, ಕೊನೆಯ ಅರ್ಧ ನಿಮಿಷದಲ್ಲಿ 39-38 ಮಾಡಿ ಗೆದ್ದೇಬಿಟ್ಟಿತು. ಆ ಒಂದು ಪಾಯಿಂಟಿನ ಸಂಕಟ ನನಗೆ ಇನ್ನೂ ಹೋಗಿಲ್ಲ.