ಆಪ್ತಸಮಾಲೋಚಕರಿಲ್ಲದ ಶಾಲೆಗೆ ಮಂಗಳವಾರದ ಚೀಟಿ

ಪಾವಗಡ, ಶಿರಾ, ಮಧುಗಿರಿ ಕಡೆಯ ಸರ್ಕಾರಿ ಪ್ರೌಢಶಾಲೆಗೆ ಮಕ್ಕಳ ಮನಸ್ಸಿನ ಕಷ್ಟ ಕೇಳುವ ಕಾಯಂ ಆಪ್ತಸಮಾಲೋಚಕರು ಬರಲಿ ಎಂದು ಕಾಯುತ್ತಾ ಕೂತರೆ ಎಂಟನೇ ತರಗತಿಯ ಮಗು ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟಿರುತ್ತದೆ. ಇರುವವರಿಂದಲೇ ಆಗುವ ಕೆಲಸ ಬೇಕಾದಷ್ಟಿದೆ.

ಮೊದಲು ಈ ಕೆಲಸಕ್ಕೆ ಒಬ್ಬ ಶಿಕ್ಷಕರನ್ನು ಗೊತ್ತುಮಾಡಿ. ಹಿರಿತನ ನೋಡಬೇಡಿ, ಮಕ್ಕಳು ತಾವಾಗಿಯೇ ಯಾರ ಹತ್ತಿರ ಹೋಗುತ್ತಾರೆ ನೋಡಿ. ವಾರಕ್ಕೆ ಎರಡು ಪೀರಿಯಡ್ ಬಿಡುವು ವೇಳಾಪಟ್ಟಿಯಲ್ಲೇ ಬರೆದಿರಲಿ. ಬಾಯಿಮಾತಿನ ಬಿಡುವು ಯಾರೋ ರಜೆ ಹಾಕಿದ ದಿನವೇ ಮುಗಿಯುತ್ತದೆ. ಸ್ಟಾಫ್ ರೂಮಿನಲ್ಲಿ ಮಾತಾಡಿಸಬೇಡಿ. ಎಲ್ಲರ ಕಣ್ಣಿಗೆ ಕಾಣುವ, ಯಾರ ಕಿವಿಗೂ ಬೀಳದ ಹೊಂಗೆ ಮರದಡಿ ಸಾಕು.

ಇಡೀ ಶಾಲೆಗೆ ಪ್ರಶ್ನಾವಳಿ ಹಂಚುವುದೂ ಬೇಡ. ಮಕ್ಕಳ ಭಾವನೆ, ವರ್ತನೆಯ ತೊಂದರೆ ಗುರುತಿಸುವ 25 ಪ್ರಶ್ನೆಗಳ ಎಸ್‌ಡಿಕ್ಯೂ ಒಳ್ಳೆಯದೇ. ಆದರೆ ಗುರುತಿಸಿದ ಮಕ್ಕಳನ್ನು ಆಸ್ಪತ್ರೆ ಮುಟ್ಟಿಸದಿದ್ದರೆ ಅವರಿಗೆ ಹಣೆಪಟ್ಟಿಯಷ್ಟೇ ಉಳಿಯುತ್ತದೆ. ಹಾಜರಿ ಪುಸ್ತಕ ನೋಡಿ. ಬಿಸಿಯೂಟದ ತಟ್ಟೆ ಹಾಗೇ ಬಿಡುವವರು, ಪರೀಕ್ಷೆ ಮಾಡಿಸಿದರೂ ಕಾರಣ ಸಿಗದ ಹೊಟ್ಟೆನೋವಿನವರು, ದಿಢೀರನೆ ಅಂಕ ಇಳಿದವರು, ಇವರನ್ನೂ ಗಮನಿಸಿ.

ಎಡವುವುದು ಆಸ್ಪತ್ರೆಗೆ ಕಳಿಸುವ ಹೆಜ್ಜೆಯಲ್ಲಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಆ ವಾರ ಬರುತ್ತಾರೋ ಇಲ್ಲವೋ ಸೋಮವಾರವೇ ಫೋನ್ ಮಾಡಿ ಕೇಳಿ. ಕೂಲಿ ಬಿಟ್ಟು ಬಸ್ಸು ಹತ್ತಿ ಬಂದ ತಾಯಿ ಒಮ್ಮೆ ಬರಿಗೈಲಿ ವಾಪಸಾದರೆ ಎರಡನೇ ಸಲ ಬರುವುದು ಕಷ್ಟ. ವೈದ್ಯರಿಗೆ ಕಳಿಸುವ ಚೀಟಿಯಲ್ಲಿ ‘ಮಾನಸಿಕ ಸಮಸ್ಯೆ’ ಎಂದು ಗೀಚಬೇಡಿ. ‘ಮೂರು ವಾರದಿಂದ ನಿದ್ದೆ ಇಲ್ಲ, ಊಟ ಅರ್ಧ, ತಿಂಗಳಲ್ಲಿ ಒಂಬತ್ತು ದಿನ ಗೈರು’ ಎಂದು ಬರೆಯಿರಿ. ವೈದ್ಯರಿಗೂ ಅನುಕೂಲ, ‘ನಮ್ಮ ಮಗೂಗೇನು ಹುಚ್ಚಾ?’ ಎನ್ನುವ ಅಪ್ಪನೂ ಇದನ್ನು ಒಪ್ಪುತ್ತಾನೆ.

ಸಾಯುವ ಮಾತಾಡಿದ ಮಗುವಿಗೆ ಮಂಗಳವಾರದವರೆಗೆ ಕಾಯುವಂತಿಲ್ಲ. ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಒಂಟಿಯಾಗಿ ಬಿಡಬೇಡಿ, ಮನೆಯವರನ್ನು ಕರೆಸಿ ಅವತ್ತೇ ಆಸ್ಪತ್ರೆಗೆ ಕಳಿಸಿ, ಹೊಲದ ಔಷಧಿ ಮನೆಯಿಂದಾಚೆ ಇಡಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆ 2012ರ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

ಮಾತ್ರೆ ಶುರುವಾದ ಮಗುವನ್ನು ವಾರಕ್ಕೊಮ್ಮೆ ವಿಚಾರಿಸಿ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಕೆಲವು ವಾರ ಬೇಕು. ‘ಏನೂ ಗುಣ ಕಾಣ್ಲಿಲ್ಲ ಮೇಷ್ಟ್ರೇ’ ಎಂದು ಮನೆಯವರು ಅಷ್ಟರಲ್ಲೇ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸುವುದನ್ನು ವೈದ್ಯರೇ ಹೇಳಬೇಕೆಂದು ಮೊದಲ ದಿನವೇ ತಿಳಿಸಿಡಿ.